ಮೇನ್‌ಫ್ರೇಮ್‌ನ ಹಳೇ ಪ್ರಿಂಟಿಂಗ್ ಸಾಫ್ಟ್‌ವೇರ್‌ಗೆ ಬದಲಿ ಯಾವುದು? ನಾಲ್ಕು ದಾರಿಗಳ ಹೋಲಿಕೆ

ಮೇನ್‌ಫ್ರೇಮ್, ಅಂದರೆ ದೊಡ್ಡ ಸಂಸ್ಥೆಗಳ ಲೆಕ್ಕಪತ್ರ ಓಡಿಸುವ ದೊಡ್ಡ ಕಂಪ್ಯೂಟರ್, ಹಳೆಯದಾಯಿತು ಎನ್ನುವವರು ಸಾಮಾನ್ಯವಾಗಿ ಅದರ ಪ್ರೋಗ್ರಾಂ ಭಾಷೆಯಾದ ಕೋಬಾಲ್ ಕಡೆ ಬೆರಳು ತೋರಿಸುತ್ತಾರೆ. ನನ್ನನ್ನು ಕೇಳಿದರೆ ಕೋಬಾಲ್ ಇನ್ನೂ ಗಟ್ಟಿಯಾಗಿದೆ. ನಿಜಕ್ಕೂ ಹಳೆಯದಾಗಿರುವುದು ಅದರ ಬೆನ್ನಿಗೆ ಅಂಟಿಕೊಂಡಿರುವ ಪ್ರಿಂಟಿಂಗ್ ಸಾಫ್ಟ್‌ವೇರ್. ಓಡುವಷ್ಟು ದಿನ ಅದನ್ನು ಯಾರೂ ಕೇಳುವುದಿಲ್ಲ. ಆಮೇಲೆ ಒಂದು ದಿನ ಸಪೋರ್ಟ್ ನಿಲ್ಲುತ್ತದೆ. ಇಲ್ಲವೇ ಓವರ್‌ಲೇ (ಪುಟದ ಗೆರೆ, ಲೋಗೋ ಇರುವ ಪದರ) ತಿದ್ದಲು ಬರುತ್ತಿದ್ದ ಒಬ್ಬರೇ ಒಬ್ಬರು ನಿವೃತ್ತರಾಗುತ್ತಾರೆ. ಇಲ್ಲವೇ ಹೊಸ ಪ್ರಿಂಟರ್ ಬಂದು, ಈ ಫಾಂಟ್ ನನಗೆ ಗೊತ್ತಿಲ್ಲ ಎನ್ನುತ್ತದೆ. ಆಗ ಎಲ್ಲರಿಗೂ ಒಟ್ಟಿಗೇ ನೆನಪಾಗುತ್ತದೆ.

ಇಂಥ ಬದಲಾವಣೆಗೆ ಮೊದಲು ನಮ್ಮ ತಂಡ ನಾಲ್ಕು ದಾರಿಗಳನ್ನು ಒಂದೇ ದಾಖಲೆಗಳ ಮೇಲೆ ಓಡಿಸಿ ನೋಡಿತು. ಮಾರಾಟದ ಉತ್ಪನ್ನಗಳ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಒಂದೇ ಬಗೆಯ ಎರಡು ಉತ್ಪನ್ನಗಳ ನಡುವೆ ಇರುವ ವ್ಯತ್ಯಾಸ ಸಣ್ಣದು. ಒಂದು ದಾರಿಗೂ ಇನ್ನೊಂದು ದಾರಿಗೂ ಇರುವ ವ್ಯತ್ಯಾಸ ದೊಡ್ಡದು.

ನಾವು ಅವುಗಳಿಗೆ ಇಟ್ಟುಕೊಂಡ ಅಡ್ಡಹೆಸರುಗಳನ್ನೇ ಬಳಸುತ್ತೇನೆ. ಮೊದಲನೆಯದು 'ಇದ್ದಲ್ಲೇ': ಮೇನ್‌ಫ್ರೇಮ್ ಮೇಲೆಯೇ ಹೊಸ ಪ್ರಿಂಟ್ ಸರ್ವರ್ ಹಾಕಿ, ಹಳೆಯ ಎಎಫ್‌ಪಿ (ಪುಟ ಅಚ್ಚು ಹಾಕಲು ಐಬಿಎಂ ತಂದ ರೂಪ) ಸರಕನ್ನು ಹಾಗೇ ಮುಂದುವರಿಸುವುದು. ಎರಡನೆಯದು 'ಕನ್ವರ್ಟರ್': ಹಳೆಯ ಪ್ರಿಂಟ್ ಸ್ಟ್ರೀಮ್, ಅಂದರೆ ಪ್ರಿಂಟರ್‌ಗೆ ಹೋಗುವ ಡೇಟಾ, ಹೊರಬಂದ ಮೇಲೆ ಅದನ್ನು ಪಿಡಿಎಫ್ ಮಾಡುವುದು. ಮೂರನೆಯದು 'ಸೂಟ್': ಟೆಂಪ್ಲೇಟ್ ಡಿಸೈನರ್, ಇಮೇಲ್, ಪ್ರಿಂಟ್ ಎಲ್ಲ ಒಂದರಲ್ಲೇ ಇರುವ ದೊಡ್ಡ ಸಾಫ್ಟ್‌ವೇರ್, ಬೇರೆ ಸರ್ವರ್ ಮೇಲೆ. ನಾಲ್ಕನೆಯದು 'ಸ್ವಂತದ್ದು': ಕೋಬಾಲ್‌ನಿಂದ ಎಕ್ಸ್‌ಎಂಎಲ್ (ಪ್ರತಿ ಅಂಶಕ್ಕೂ ಹೆಸರು ಹಚ್ಚಿದ ಡೇಟಾ) ಹೊರತೆಗೆದು, ಅಪಾಚೆ ಎಫ್‌ಒಪಿ ಎಂಬ ಓಪನ್ ಸೋರ್ಸ್ ಸಾಧನದಿಂದ ಪುಟ ಕಟ್ಟುವುದು.

ಹಳೆಯದರ ಹೊಟ್ಟೆಯಲ್ಲಿ ಏನಿದೆ

ಹೋಲಿಕೆಗೆ ಮುಂಚೆ ಇದು ಗೊತ್ತಿರಬೇಕು. ಇಲ್ಲದಿದ್ದರೆ ಡೆಮೊ ನೋಡಿ ಮರುಳಾಗುವುದು ಸುಲಭ.

ಕೋಬಾಲ್ ರಿಪೋರ್ಟ್‌ನ ಪ್ರತಿ ಸಾಲಿನ ಮೊದಲ ಅಕ್ಷರ ಕಾಗದದ ಮೇಲೆ ಬೀಳುವುದಿಲ್ಲ. ಅದು ಪ್ರಿಂಟರ್‌ಗೆ ಕೊಟ್ಟ ಅಪ್ಪಣೆ. 1 ಇದ್ದರೆ ಹೊಸ ಪುಟ. ಸೊನ್ನೆ ಇದ್ದರೆ ಒಂದು ಸಾಲು ಖಾಲಿ ಬಿಡು. ಮೈನಸ್ ಇದ್ದರೆ ಎರಡು ಸಾಲು ಬಿಡು. ಪ್ಲಸ್ ಇದ್ದರೆ ಕೆಳಗಿಳಿಯಬೇಡ, ಹಿಂದಿನ ಸಾಲಿನ ಮೇಲೆಯೇ ಹೊಡಿ. ಐಬಿಎಂ 1959ರಲ್ಲಿ 1401 ಕಂಪ್ಯೂಟರ್ ಜೊತೆ ತಂದ 1403 ಲೈನ್ ಪ್ರಿಂಟರ್ 132 ಅಕ್ಷರದ ಸಾಲನ್ನು ರೂಢಿಗೆ ತಂದಿತು. ಇವತ್ತಿಗೂ ಎಷ್ಟೋ ರಿಪೋರ್ಟ್ ಫೈಲ್‌ಗಳ ರೆಕಾರ್ಡ್ ಉದ್ದ 133. ಅಪ್ಪಣೆಗೆ ಒಂದು, ಮಾತಿಗೆ 132.

ಆಮೇಲೆ ಲೇಸರ್ ಪ್ರಿಂಟರ್‌ಗಳು ಬಂದವು. ಜೆರಾಕ್ಸ್ 9700 ಬಂದದ್ದು 1977ರಲ್ಲಿ. 1980ರ ದಶಕದಲ್ಲಿ ಐಬಿಎಂ ಎಎಫ್‌ಪಿ ತಂದಿತು. ಅದರ ಜಾಣತನ ಇಷ್ಟೇ: ಕೋಬಾಲ್ ಬರೆದ ಸಾಲುಗಳನ್ನು ಮುಟ್ಟಬೇಡಿ, ಮುಖವನ್ನು ಹೊರಗಿನಿಂದ ಅಂಟಿಸಿ. ಗೆರೆ, ಚೌಕ, ಲೋಗೋ ಎಲ್ಲ ಓವರ್‌ಲೇಯಲ್ಲಿ. ಯಾವ ಸಾಲು ಪುಟದಲ್ಲಿ ಎಲ್ಲಿ, ಯಾವ ಫಾಂಟ್‌ನಲ್ಲಿ ಎನ್ನುವುದು ಪೇಜ್‌ಡೆಫ್‌ನಲ್ಲಿ. ಯಾವ ಟ್ರೇ, ಒಂದು ಬದಿಯೋ ಎರಡು ಬದಿಯೋ ಎನ್ನುವುದು ಫಾರ್ಮ್‌ಡೆಫ್‌ನಲ್ಲಿ. ಜೆರಾಕ್ಸ್ ಕಡೆಯವರು ಡಿಜೆಡಿಇ ಎಂಬ ಅಪ್ಪಣೆ ಸಾಲುಗಳನ್ನು ಡೇಟಾ ಮಧ್ಯೆಯೇ ತೂರಿಸಿದರು.

ಹಾಗಾಗಿ ಹಳೆಯ ಸಾಫ್ಟ್‌ವೇರ್ ಅಂದರೆ ಒಂದೇ ಸಾಮಾನಲ್ಲ. ಪುಟದ ವಿನ್ಯಾಸ ಅದರಲ್ಲಿದೆ, ಫಾಂಟ್ ಅದರಲ್ಲಿದೆ, ಪ್ರಿಂಟರ್ ಜೊತೆ ಮಾತುಕತೆಯೂ ಅದರಲ್ಲಿದೆ. ಬದಲಿ ಮಾರಲು ಬಂದವರು ತೋರಿಸುವುದು ಮೊದಲನೆಯದನ್ನು ಮಾತ್ರ. ಪೆಟ್ಟು ಬೀಳುವುದು ಉಳಿದೆರಡರಲ್ಲಿ.

ಪರೀಕ್ಷೆಗೆ ನಾವು ಬೇಕೆಂದೇ ಕಿರಿಕಿರಿಯ ದಾಖಲೆಗಳನ್ನು ಆರಿಸಿದೆವು: ಸಹಿ ಇರುವ ಪತ್ರ, 132 ಕಾಲಂನ ಒಳಗಿನ ರಿಪೋರ್ಟ್, ಉದ್ದುದ್ದ ಬೆಳೆಯುವ ಸ್ಟೇಟ್‌ಮೆಂಟ್, ಬಾರ್‌ಕೋಡ್ ನೋಡಿ ಲಕೋಟೆಗೆ ಸೇರುವ ನೋಟಿಸ್.

ಸಹಿ ಇರುವ ಪತ್ರ

ಇಲ್ಲೇ ಮೊದಲ ನಗು ಬಂತು. ಹಿಂದೆ ಚಿತ್ರ ಅಚ್ಚು ಹಾಕುವುದು ದುಬಾರಿ ಕೆಲಸವಾಗಿತ್ತು. ಅದಕ್ಕೆ ಜನ ಒಂದು ಉಪಾಯ ಮಾಡಿದ್ದರು. ಸಹಿಯನ್ನು ತುಂಡು ತುಂಡು ಮಾಡಿ, ಒಂದು ವಿಶೇಷ ಫಾಂಟ್‌ನ ಅಕ್ಷರಗಳಾಗಿ ಕೂಡಿಸಿಬಿಟ್ಟಿದ್ದರು. ಆ ಫಾಂಟ್‌ನಲ್ಲಿ ಎ, ಬಿ, ಸಿ, ಡಿ ಎಂದು ಬರೆದರೆ ಕಾಗದದ ಮೇಲೆ ಮ್ಯಾನೇಜರ್ ಸಹಿ! ಲೋಗೋಗಳಿಗೂ ಇದೇ ತಂತ್ರ.

'ಇದ್ದಲ್ಲೇ' ದಾರಿಯಲ್ಲಿ ಇದು ಸಮಸ್ಯೆಯೇ ಅಲ್ಲ. ಹಳೆಯ ಫಾಂಟ್ ಹಾಗೇ ಹೋಗುತ್ತದೆ, ಸಹಿ ಹಾಗೇ ಬರುತ್ತದೆ. 'ಕನ್ವರ್ಟರ್' ತನ್ನ ಪಾಡಿಗೆ ತಾನು ಹಳೆಯ ಫಾಂಟ್‌ಗೆ ಬದಲಾಗಿ ಹೊಸ ಫಾಂಟ್ ಹಾಕಿತು. ಪತ್ರದ ಕೊನೆಯಲ್ಲಿ ಸಹಿ ಇರಬೇಕಾದ ಕಡೆ ಅಚ್ಚುಕಟ್ಟಾದ ಇಂಗ್ಲಿಷ್ ಅಕ್ಷರಮಾಲೆ ಬಂತು. ಫಾಂಟ್ ಪಟ್ಟಿಯಲ್ಲಿ ಆ ಒಂದನ್ನು ಮುಟ್ಟಬೇಡ ಎಂದು ಬರೆದ ಮೇಲೆ ಸರಿಹೋಯಿತು. ಆದರೆ ಅಂಥ ಫಾಂಟ್‌ಗಳು ಎಷ್ಟಿವೆ, ಯಾವುವು ಎಂದು ಲೈಬ್ರರಿ ಪೂರ್ತಿ ಜಾಲಾಡಬೇಕು. ಹೆಸರು ನೋಡಿದರೆ ಏನೂ ತಿಳಿಯುವುದಿಲ್ಲ, ಎಂಟು ಅಕ್ಷರದ ಸಂಕೇತ ಅಷ್ಟೇ.

ಇನ್ನೊಂದು ತೊಡಕು ಫಾಂಟ್ ಅಗಲದ್ದು. ಹಳೆಯ ಫಾಂಟ್‌ಗಳು ಇಂಚಿಗೆ 240 ಅಥವಾ 300 ಚುಕ್ಕಿ ಲೆಕ್ಕದ ರಾಸ್ಟರ್ ಚಿತ್ರಗಳು. ಹಾಗೇ ಪಿಡಿಎಫ್‌ಗೆ ಹಾಕಿದರೆ ಕಾಗದದಲ್ಲಿ ಚೆನ್ನಾಗಿ ಕಾಣುತ್ತವೆ, ಸ್ಕ್ರೀನ್ ಮೇಲೆ ಹಲ್ಲುಹಲ್ಲಾಗಿ ಕಾಣುತ್ತವೆ. ಔಟ್‌ಲೈನ್ ಫಾಂಟ್‌ಗೆ (ಚುಕ್ಕಿಗಳ ಬದಲು ಅಕ್ಷರದ ಅಂಚನ್ನು ಗೆರೆಯಾಗಿ ಇಟ್ಟದ್ದು) ಬದಲಿಸಿದರೆ ಸ್ಕ್ರೀನ್ ಮೇಲೆ ಚೆಂದ. ಆದರೆ ಅಕ್ಷರದ ಅಗಲ ಕೂದಲೆಳೆಯಷ್ಟು ಬೇರೆ. ಎಎಫ್‌ಪಿಯಲ್ಲಿ ಮಾತಿನ ತುಂಡುಗಳು ಪುಟದ ಮೇಲೆ ಖಚಿತ ಜಾಗದಲ್ಲಿ ಕೂತಿರುತ್ತವೆ. ಹಾಗಾಗಿ ಒಂದು ತುಂಡು ಉಬ್ಬಿದರೆ ಪಕ್ಕದ್ದಕ್ಕೆ ತಾಗುತ್ತದೆ.

'ಸೂಟ್' ಮತ್ತು 'ಸ್ವಂತದ್ದು' ಎರಡರಲ್ಲೂ ಪತ್ರವನ್ನು ಹೊಸದಾಗಿ ಕಟ್ಟಬೇಕಾದ್ದರಿಂದ ಸಹಿ ಒಂದು ಚಿತ್ರದ ಫೈಲ್ ಆಯಿತು, ಮುಗಿಯಿತು. ಯಾವ ತಾರೀಕಿನವರೆಗೆ ಯಾರ ಸಹಿ ಎಂಬ ನಿಯಮವನ್ನು ಸೂಟ್‌ನಲ್ಲಿ ಬರೆಯುವುದು ತುಂಬಾ ಸಲೀಸು. ಪತ್ರದ ವಿಷಯದಲ್ಲಿ ಸೂಟ್ ಗೆದ್ದಿತು, ಅನುಮಾನವಿಲ್ಲ.

132 ಕಾಲಂ ರಿಪೋರ್ಟ್

ಇದಕ್ಕೆ ಜಾಸ್ತಿ ಹೊತ್ತು ಬೇಡ. ದಪ್ಪಕ್ಷರ ಬೇಕಿದ್ದಾಗ ಹಿಂದಿನವರು ಪ್ಲಸ್ ಅಪ್ಪಣೆ ಬಳಸಿ ಅದೇ ಸಾಲನ್ನು ಎರಡು ಸಲ ಹೊಡೆಸುತ್ತಿದ್ದರು. ಪಿಡಿಎಫ್ ಆದ ಮೇಲೆ ಕಣ್ಣಿಗೆ ಒಂದೇ ಸಾಲು, ಒಳಗೆ ಎರಡು. ಹುಡುಕಿದರೆ ಎರಡು ಸಲ ಸಿಗುತ್ತದೆ. ಕಾಪಿ ಮಾಡಿದರೆ ಮೊತ್ತಗಳು ಜೋಡಿಯಾಗಿ ಬರುತ್ತವೆ. ಇನ್ನು ಚೌಕ ಕಂಸಗಳ ಕಾಟ ಬೇರೆ. ಮೇನ್‌ಫ್ರೇಮ್‌ನ ಅಕ್ಷರ ಸಂಕೇತವಾದ ಎಬ್ಸಿಡಿಕ್‌ನ 037 ಕೋಡ್ ಪೇಜ್‌ನಲ್ಲಿ (ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬ ಪಟ್ಟಿ) ಅವು ಒಂದು ಜಾಗದಲ್ಲಿದ್ದರೆ 1047ರಲ್ಲಿ ಇನ್ನೊಂದು ಜಾಗದಲ್ಲಿವೆ. ತಪ್ಪು ಕೋಡ್ ಪೇಜ್ ಕೊಟ್ಟರೆ ಉಳಿದದ್ದು ಬಹುತೇಕ ಸರಿಯಾಗಿ ಬಂದು ಕಂಸ ವಿಚಿತ್ರ ಗುರುತಾಗುತ್ತದೆ.

ನನ್ನ ಅಭಿಪ್ರಾಯ: ಈ ರಿಪೋರ್ಟ್‌ಗಳಿಗೆ ನಾಲ್ಕೂ ದಾರಿ ಬೇಡ. ಸೂಟ್‌ನಲ್ಲಿ ಇದನ್ನು ಚೆಂದಗಾಣಿಸುವುದು ಲೈಸೆನ್ಸ್ ದುಡ್ಡು ದಂಡ. ಸ್ಪೂಲ್‌ನಿಂದ (ಅಚ್ಚಿಗೆ ಕಾಯುವ ಫೈಲ್‌ಗಳ ಸರದಿ) ನೇರ ಪಠ್ಯವಾಗಿ ಆರ್ಕೈವ್‌ಗೆ ಕಳಿಸಿ, ಬೇಕಾದವರು ಸ್ಕ್ರೀನ್ ಮೇಲೆ ನೋಡಲಿ. ಅಚ್ಚು ಹಾಕದೆ ಸ್ಪೂಲ್‌ನಲ್ಲೇ ಹೋಲ್ಡ್ ಮಾಡಿ ಇಟ್ಟು, ಯಾರು ಫೋನ್ ಮಾಡುತ್ತಾರೆ ನೋಡಿ. ಎಷ್ಟೋ ರಿಪೋರ್ಟ್‌ಗಳಿಗೆ ಯಾರೂ ಮಾಡುವುದಿಲ್ಲ.

ಉದ್ದ ಬೆಳೆಯುವ ಸ್ಟೇಟ್‌ಮೆಂಟ್

ನಿಜವಾದ ಹೋಲಿಕೆ ನಡೆದದ್ದು ಇಲ್ಲಿ.

ಸೂಟ್ ಮಾರುವವರು ಒಂದು ಮಾತನ್ನು ತಪ್ಪದೆ ಹೇಳುತ್ತಾರೆ: ನಿಮ್ಮ ಕೋಬಾಲ್ ಮುಟ್ಟುವುದೇ ಬೇಡ, ನೀವು ಈಗ ಪ್ರಿಂಟರ್‌ಗೆ ಕಳಿಸುವ ಫೈಲನ್ನೇ ನಾವು ಓದಿಕೊಳ್ಳುತ್ತೇವೆ. ಹೌದು, ಓದಿಕೊಳ್ಳುತ್ತದೆ. 14ನೇ ಕಾಲಂನಿಂದ 23ರವರೆಗೆ ತಾರೀಕು, 90ರಿಂದ 104ರವರೆಗೆ ಮೊತ್ತ ಎಂದು ಗೆರೆ ಎಳೆದು ತೋರಿಸಿದರೆ ಸಾಕು. ಮೊದಲ ವಾರದಲ್ಲಿ ಎಲ್ಲರಿಗೂ ಖುಷಿ.

ತೊಂದರೆ ಎಲ್ಲಿ ಅಂದರೆ, ಪ್ರಿಂಟ್ ಫೈಲ್ ಅಂದರೆ ಬರೀ ಡೇಟಾ ಅಲ್ಲ, ಆಗಲೇ ಅರ್ಧ ಪುಟ ಕಟ್ಟಿದ ಡೇಟಾ. ಕೋಬಾಲ್ ಪ್ರೋಗ್ರಾಂ ಸಾಲು ಎಣಿಸುತ್ತಾ ಬರುತ್ತದೆ. ಇಷ್ಟು ಸಾಲಾದ ಕೂಡಲೇ 'ಮುಂದಿನ ಪುಟಕ್ಕೆ ಸಾಗಿಸಿದ ಮೊತ್ತ' ಎಂದು ಬರೆದು, ಹೊಸ ಪುಟಕ್ಕೆ ಅಪ್ಪಣೆ ಕೊಟ್ಟು, ತಲೆಬರಹ ಮತ್ತೆ ಬರೆದು, 'ಹಿಂದಿನ ಪುಟದ ಮೊತ್ತ' ಎಂದು ಶುರು ಮಾಡುತ್ತದೆ. ಹೊಸ ವಿನ್ಯಾಸದಲ್ಲಿ ಒಂದು ಪುಟಕ್ಕೆ ಹಿಡಿಯುವ ಸಾಲುಗಳ ಸಂಖ್ಯೆ ಬೇರೆ. ಆಗ ಸಾಗಿಸಿದ ಮೊತ್ತ ಪುಟದ ನಟ್ಟನಡುವೆ ಕಾಣಿಸಿಕೊಳ್ಳುತ್ತದೆ. ಅದನ್ನು ಕಿತ್ತುಹಾಕಿ, ಸೂಟ್‌ನಲ್ಲೇ ಮತ್ತೆ ಲೆಕ್ಕ ಹಾಕಬೇಕು. ಅಲ್ಲಿಗೆ ಲೆಕ್ಕಾಚಾರ ಎರಡು ಕಡೆ ಆಯಿತು. ನಾಳೆ ಮೊತ್ತ ಹೊಂದದಿದ್ದರೆ ಯಾರನ್ನು ಕೇಳುವುದು? ಮುಂದೊಂದು ದಿನ ಯಾರೋ ಕೋಬಾಲ್‌ನಲ್ಲಿ ಒಂದು ಕಾಲಂ ಸರಿಸಿದರೆ ಟೆಂಪ್ಲೇಟ್ ಸದ್ದಿಲ್ಲದೆ ತಪ್ಪು ಓದುತ್ತದೆ.

'ಸ್ವಂತದ್ದು' ದಾರಿ ಇದಕ್ಕೆ ಪೂರ್ತಿ ಉಲ್ಟಾ. ಕೋಬಾಲ್ ಮುಟ್ಟಲೇಬೇಕು. ಐಬಿಎಂನ ಎಂಟರ್‌ಪ್ರೈಸ್ ಕೋಬಾಲ್‌ನಲ್ಲಿ 'ಎಕ್ಸ್‌ಎಂಎಲ್ ಜನರೇಟ್' ಎಂಬ ಆಜ್ಞೆ ಇದೆ, ಇತ್ತೀಚಿನ ಆವೃತ್ತಿಗಳಲ್ಲಿ 'ಜೇಸನ್ ಜನರೇಟ್' ಕೂಡ ಇದೆ. ಪುಟ ಕಟ್ಟುವ ಭಾಗವನ್ನೆಲ್ಲ ಕಿತ್ತು, ಬರೀ ಡೇಟಾ ಬರೆಯುವಂತೆ ಮಾಡಿದರೆ ಪ್ರೋಗ್ರಾಂ ಚಿಕ್ಕದಾಗುತ್ತದೆ. ಒಳಗೆ ಕೈಹಾಕಿದ ಮೇಲೆ ಹಳೆಯ ಪ್ರೋಗ್ರಾಮರ್‌ಗಳೇ ಇದನ್ನು ಹೆಚ್ಚು ಮೆಚ್ಚಿದರು. ಸಾಲು ಎಣಿಸುವ ಆ ಪ್ಯಾರಾಗ್ರಾಫ್‌ಗಳನ್ನು ಯಾರೂ ಪ್ರೀತಿಸುತ್ತಿರಲಿಲ್ಲ.

ಎಫ್‌ಒಪಿ ಬಳಸುವುದು ಎಕ್ಸ್‌ಎಸ್‌ಎಲ್-ಎಫ್‌ಒ ಎಂಬ ಭಾಷೆ. ಅದರ 1.1 ಆವೃತ್ತಿಯನ್ನು ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯು3ಸಿ 2006ರಲ್ಲಿ ಅಂತಿಮಗೊಳಿಸಿತು. 2.0 ಕರಡಿನಲ್ಲೇ ನಿಂತಿತು. ಹಾಗಾಗಿ ಇದು ಬೆಳೆಯುತ್ತಿರುವ ಭಾಷೆಯಲ್ಲ. ಆದರೆ ಸ್ಟೇಟ್‌ಮೆಂಟ್‌ಗೆ ಬೇಕಾದ ಟೇಬಲ್, ತಲೆಬರಹ, ಪುಟ ಸಂಖ್ಯೆ ಎಲ್ಲ ಅದರಲ್ಲಿ ಬಹಳ ಹಿಂದೆಯೇ ಪಕ್ಕಾ ಆಗಿದೆ. ನೆನಪಿಡಬೇಕಾದ ಒಂದು ತಾಂತ್ರಿಕ ಸಂಗತಿ ಇದೆ: ಪುಟಗಳ ಒಂದು ಸರಣಿ ಮುಗಿಯುವವರೆಗೆ ಎಫ್‌ಒಪಿ ಅದರ ಬಹುಭಾಗವನ್ನು ಮೆಮೊರಿಯಲ್ಲೇ ಹಿಡಿದಿರುತ್ತದೆ. '7ರಲ್ಲಿ 3ನೇ ಪುಟ' ಎಂದು ಬರೆಯಬೇಕಿದ್ದರೆ ಕೊನೆಯ ಪುಟ ಗೊತ್ತಾಗುವವರೆಗೆ ಕಾಯಲೇಬೇಕು, ಅಲ್ವಾ? ಹಾಗಾಗಿ ಒಬ್ಬ ಗ್ರಾಹಕರಿಗೆ ಒಂದು ಸರಣಿ ಎಂದು ಒಡೆದುಕೊಳ್ಳಬೇಕು. ಇಡೀ ಬ್ಯಾಚನ್ನು ಒಂದೇ ಸರಣಿ ಮಾಡಿದರೆ ಸರ್ವರ್ ಏದುಸಿರು ಬಿಡುತ್ತದೆ.

ಸೂಟ್‌ಗೂ ಇದೇ ಎಕ್ಸ್‌ಎಂಎಲ್ ತಿನ್ನಿಸಿ ನೋಡಿದೆವು. ಆಗ ಅದರ ಬಣ್ಣವೇ ಬದಲಾಯಿತು. ಸಾಗಿಸಿದ ಮೊತ್ತ, ಪುಟ ಒಡೆಯುವುದು ಎಲ್ಲವನ್ನೂ ಅದೇ ನೋಡಿಕೊಂಡಿತು. ಅಂದರೆ ಸೂಟ್ ಕೆಟ್ಟದ್ದಲ್ಲ, ಪ್ರಿಂಟ್ ಫೈಲ್ ಅದಕ್ಕೆ ಸರಿಯಾದ ಆಹಾರವಲ್ಲ.

ಇಲ್ಲಿ ಪುಟಗಳ ಸಂಖ್ಯೆ ಮೇಲೆ ಕಣ್ಣಿಡಬೇಕು. ಹೊಸ ವಿನ್ಯಾಸ ಮಾಡುವವರು ಜಾಗ ಬಿಟ್ಟು, ದೊಡ್ಡ ಅಕ್ಷರ ಹಾಕಿ ಚೆಂದ ಮಾಡುತ್ತಾರೆ. ಎರಡು ಪುಟದ್ದು ಮೂರಾಗುತ್ತದೆ. ಎರಡು ಬದಿ ಅಚ್ಚಿನಲ್ಲಿ ಮೂರನೇ ಪುಟ ಅಂದರೆ ಇನ್ನೊಂದು ಹಾಳೆ. ಹಾಳೆ ಹೆಚ್ಚಿದರೆ ತೂಕ, ತೂಕ ಹೆಚ್ಚಿದರೆ ಅಂಚೆ ಖರ್ಚು. ಸಾಫ್ಟ್‌ವೇರ್‌ನಲ್ಲಿ ಉಳಿಸಿದ್ದು ಅಲ್ಲಿ ಹೋಗುತ್ತದೆ.

'ಕನ್ವರ್ಟರ್' ಈ ಸ್ಟೇಟ್‌ಮೆಂಟನ್ನು ನೋಡಲು ಹಾಗೇ ತಂದಿತು. ಆದರೆ ಒಂದು ದೊಡ್ಡ ಎಎಫ್‌ಪಿ ಫೈಲನ್ನು ಗ್ರಾಹಕರಿಗೊಂದರಂತೆ ಪಿಡಿಎಫ್ ಮಾಡಿದಾಗ ಒಟ್ಟು ಗಾತ್ರ ಹಲವು ಪಟ್ಟು ಉಬ್ಬಿತು. ಎಎಫ್‌ಪಿಯಲ್ಲಿ ಫಾಂಟ್, ಲೋಗೋ, ಓವರ್‌ಲೇ ಇಡೀ ಫೈಲ್‌ಗೆ ಒಂದೇ ಸಲ ಇರುತ್ತವೆ. ಪಿಡಿಎಫ್ ಬಿಡಿಬಿಡಿಯಾದರೆ ಪ್ರತಿಯೊಂದೂ ತನ್ನ ಫಾಂಟ್ ತಾನೇ ಹೊತ್ತುಕೊಳ್ಳಬೇಕು. ಸ್ಕ್ರೀನ್ ರೀಡರ್ (ಪುಟವನ್ನು ಓದಿ ಹೇಳುವ ಸಾಫ್ಟ್‌ವೇರ್) ಬಳಸುವವರಿಗೂ ಇದು ಅಷ್ಟು ಒಗ್ಗುವುದಿಲ್ಲ. ಯಾವುದು ತಲೆಬರಹ, ಯಾವುದು ಟೇಬಲ್ ಎಂಬ ಗುರುತು ಹಳೆಯ ಸ್ಟ್ರೀಮ್‌ನಲ್ಲಿ ಇರುವುದೇ ಅಪರೂಪ. ಅದನ್ನು ಆಮೇಲೆ ನಿಯಮ ಬರೆದು ಅಂಟಿಸಬೇಕು. 2012ರಲ್ಲಿ ಬಂದ ಪಿಡಿಎಫ್/ಯುಎ ಮಾನದಂಡ ಕೇಳುವುದು ಈ ಗುರುತುಗಳನ್ನೇ.

ಬಾರ್‌ಕೋಡ್ ನೋಟಿಸ್, ಮತ್ತು ಪೇಪರ್ ಜ್ಯಾಮ್

ನನಗೆ ಈ ಇಡೀ ಕೆಲಸದಲ್ಲಿ ಮುಖ್ಯ ಅನ್ನಿಸಿದ್ದು ಇದು. ಡೆಮೊಗಳಲ್ಲಿ ಇದು ಬರುವುದೇ ಇಲ್ಲ.

ಸಾವಿರಾರು ಪುಟದ ಜಾಬ್ ಓಡುತ್ತಿದೆ. ನಡುವೆ ಕಾಗದ ಸಿಕ್ಕಿಕೊಂಡಿತು. ಯಾವ ಪುಟ ಸರಿಯಾಗಿ ಟ್ರೇಗೆ ಬಿತ್ತು, ಯಾವುದು ಹರಿಯಿತು? ಹಳೆಯ ಎಎಫ್‌ಪಿ ವ್ಯವಸ್ಥೆ ಪ್ರಿಂಟರ್ ಜೊತೆ ಮಾತಾಡುವುದು ಐಪಿಡಿಎಸ್ ಎಂಬ ಭಾಷೆಯಲ್ಲಿ. ಅದು ಎರಡೂ ಕಡೆಯ ಮಾತು. ಇಷ್ಟು ಪುಟ ಹೊರಗೆ ಬಿತ್ತು ಎಂದು ಪ್ರಿಂಟರ್ ಹೇಳುತ್ತಾ ಹೋಗುತ್ತದೆ. ಜ್ಯಾಮ್ ತೆಗೆದ ಮೇಲೆ ಸರ್ವರ್ ಸರಿಯಾದ ಪುಟದಿಂದಲೇ ಮತ್ತೆ ಕಳಿಸುತ್ತದೆ. ಒಬ್ಬರ ನೋಟಿಸ್ ಎರಡು ಸಲ ಹೋಗುವುದಿಲ್ಲ, ಯಾರದ್ದೂ ತಪ್ಪುವುದಿಲ್ಲ.

ಪಿಡಿಎಫ್ ಮಾಡಿ ಪ್ರಿಂಟರ್‌ಗೆ ಫೈಲ್ ಕಳಿಸುವ ಎಲ್‌ಪಿಆರ್ ಎಂಬ ಸರಳ ವಿಧಾನದ ಮೂಲಕ ಕಳಿಸಿದರೆ ಅಂಚೆ ಡಬ್ಬಕ್ಕೆ ಕಾಗದ ಹಾಕಿ ಬಂದಂತೆ. ಫೈಲ್ ತಲುಪಿತು ಎನ್ನುವವರೆಗೆ ಮಾತ್ರ ಗೊತ್ತು. ಯಾವ ಪುಟ ಕಾಗದವಾಯಿತು ಎಂದು ಹೇಳುವವರಿಲ್ಲ. ನಮ್ಮ ಪರೀಕ್ಷೆಯಲ್ಲಿ ಬೇಕೆಂದೇ ಪ್ರಿಂಟರ್ ಬಾಗಿಲು ತೆಗೆದು ನಿಲ್ಲಿಸಿದೆವು. 'ಇದ್ದಲ್ಲೇ' ತಾನಾಗಿ ಸುಧಾರಿಸಿಕೊಂಡಿತು. ಪಿಡಿಎಫ್ ದಾರಿಗಳಲ್ಲಿ ಆಪರೇಟರ್ ಕಾಗದದ ರಾಶಿ ಕೆದಕಿ, ಕೊನೆಯ ಒಳ್ಳೆಯ ಪುಟ ಹುಡುಕಿ, ಅಲ್ಲಿಂದ ಮುಂದಕ್ಕೆ ಕೈಯಾರೆ ಕಳಿಸಬೇಕಾಯಿತು. ಆಫೀಸಿನ ಸಣ್ಣ ಪ್ರಿಂಟರ್‌ಗೆ ಇದು ನಡೆಯುತ್ತದೆ. ಕಾನೂನಿನ ನೋಟಿಸ್ ಕಳಿಸುವ ಕಡೆ ನಡೆಯುವುದಿಲ್ಲ.

ಇದಕ್ಕೊಂದು ಒಳದಾರಿ ಇದೆ. ಸೂಟ್‌ಗಳು ಎಎಫ್‌ಪಿಯನ್ನೂ ಹೊರಕೊಡುತ್ತವೆ. ಎಫ್‌ಒಪಿ ಕೂಡ ಕೊಡುತ್ತದೆ. ಹೊಸ ಸಾಧನದಲ್ಲಿ ಪುಟ ಕಟ್ಟಿ, ಕಾಗದಕ್ಕೆ ಹೋಗುವುದನ್ನು ಎಎಫ್‌ಪಿಯಾಗಿ, ಇಮೇಲ್‌ಗೆ ಹೋಗುವುದನ್ನು ಪಿಡಿಎಫ್ ಆಗಿ ತೆಗೆದರೆ ಜ್ಯಾಮ್ ಸುಧಾರಣೆ ಉಳಿಯುತ್ತದೆ. ಎಎಫ್‌ಪಿ ಅಂದರೆ ಸತ್ತ ತಂತ್ರಜ್ಞಾನ ಎನ್ನುವವರ ಮಾತು ಕೇಳಬೇಡಿ. ಈಗ ಅದನ್ನು ಹಲವು ಕಂಪನಿಗಳು ಸೇರಿದ ಎಎಫ್‌ಪಿ ಕನ್ಸಾರ್ಷಿಯಂ ನೋಡಿಕೊಳ್ಳುತ್ತಿದೆ. ಹಳೆಯದಾಗಿರುವುದು ಅದನ್ನು ಬರೆಯುವ ರೀತಿ.

ಬಾರ್‌ಕೋಡ್ ಬಗ್ಗೆಯೂ ಒಂದು ಮಾತು. ಎಎಫ್‌ಪಿಯಲ್ಲಿ ಬಾರ್‌ಕೋಡನ್ನು ಚಿತ್ರವಾಗಿ ಕಳಿಸದೆ, ಈ ಅಂಕಿಗೆ ಬಾರ್‌ಕೋಡ್ ಹಾಕು ಎಂದು ಅಪ್ಪಣೆಯಾಗಿ ಕಳಿಸಬಹುದು. ಪ್ರಿಂಟರ್ ತನ್ನ ಚುಕ್ಕಿಗಳಿಗೆ ಸರಿಯಾಗಿ ಗೆರೆ ಎಳೆದುಕೊಳ್ಳುತ್ತದೆ. ಕನ್ವರ್ಟರ್ ಅದನ್ನು ಚಿತ್ರ ಮಾಡಿ, ಆಮೇಲೆ ಯಾರೋ ಪುಟವನ್ನು ಕಾಗದಕ್ಕೆ ಹೊಂದುವಂತೆ ಕುಗ್ಗಿಸಿದರೆ ಗೆರೆಗಳ ಅಗಲ ಕೆಡುತ್ತದೆ. ಲಕೋಟೆಗೆ ಹಾಕುವ ಯಂತ್ರ ಓದದೆ ನಿಲ್ಲುತ್ತದೆ. ಕುಗ್ಗಿಸುವ ಆಯ್ಕೆಯನ್ನು ಎಲ್ಲ ಕಡೆ ಆಫ್ ಮಾಡಿ.

ಖರ್ಚು, ಮತ್ತು ಕೈ ಯಾರದ್ದು

ಮೇನ್‌ಫ್ರೇಮ್ ಮೇಲೆ ಪುಟ ಕಟ್ಟಿದರೆ ಸಿಪಿಯು ಖರ್ಚು. ಅಲ್ಲಿ ಸಾಫ್ಟ್‌ವೇರ್ ಬಿಲ್ ಅನೇಕ ಕಡೆ ನಾಲ್ಕು ಗಂಟೆಗಳ ಸರಾಸರಿ ಬಳಕೆಯ ತುದಿಯನ್ನು ನೋಡಿ ಬರುತ್ತದೆ. ತಿಂಗಳ ಕೊನೆಯ ಬ್ಯಾಚ್ ಜೊತೆಗೇ ಪ್ರಿಂಟ್ ಪರಿವರ್ತನೆಯೂ ಓಡಿದರೆ ಆ ತುದಿ ಇನ್ನೂ ಮೇಲೇರುತ್ತದೆ. ಎಫ್‌ಒಪಿ ಜಾವಾದಲ್ಲಿ ಇರುವುದರಿಂದ ಮೇನ್‌ಫ್ರೇಮ್‌ನ ಜೆಡ್‌ಐಐಪಿ ಎಂಬ ವಿಶೇಷ ಪ್ರೊಸೆಸರ್ ಮೇಲೆ ಓಡಬಹುದು, ಆ ಬಳಕೆ ಬಿಲ್‌ಗೆ ಸೇರುವುದಿಲ್ಲ. ಸೂಟ್ ಹೊರಗಿನ ಸರ್ವರ್‌ನಲ್ಲಿ ಇರುವುದರಿಂದ ಈ ಚಿಂತೆ ಇಲ್ಲ, ಆದರೆ ಅದರ ಲೈಸೆನ್ಸ್ ಸಾಮಾನ್ಯವಾಗಿ ದಾಖಲೆಗಳ ಸಂಖ್ಯೆ ನೋಡಿ ಏರುತ್ತದೆ.

'ಇದ್ದಲ್ಲೇ' ದಾರಿಯ ದೊಡ್ಡ ಕೊರತೆ ಕೈಗಳದ್ದು. ಪೇಜ್‌ಡೆಫ್ ಮತ್ತು ಓವರ್‌ಲೇಗಳ ಮೂಲ ಬರಹ ಎಷ್ಟೋ ಕಡೆ ಕಳೆದುಹೋಗಿರುತ್ತದೆ. ಕಂಪೈಲ್ ಆದದ್ದು ಮಾತ್ರ ಉಳಿದಿರುತ್ತದೆ. ಓಡುತ್ತದೆ, ತಿದ್ದಲಾಗುವುದಿಲ್ಲ. ಸೂಟ್‌ನವರು ಇದಕ್ಕೆ ಉತ್ತರವಾಗಿ, ಬಿಸಿನೆಸ್ ವಿಭಾಗದವರೇ ಟೆಂಪ್ಲೇಟ್ ತಿದ್ದಿಕೊಳ್ಳುತ್ತಾರೆ ಎನ್ನುತ್ತಾರೆ. ಸುಮ್ನೆ ಹೇಳುವ ಮಾತು. ಪತ್ರದ ಒಂದು ಪ್ಯಾರಾ ಬದಲಿಸುತ್ತಾರೆ, ಅಷ್ಟೇ. ಷರತ್ತು, ಟೇಬಲ್, ಪುಟ ಒಡೆಯುವುದು ಬಂದ ಕೂಡಲೇ ಟಿಕೆಟ್ ಐಟಿ ಕಡೆಗೇ ಬರುತ್ತದೆ.

ಹಳೆಯದೂ ಹೊಸದೂ ಒಂದೇ ಎಂದು ಸಾಬೀತು ಮಾಡುವುದು ಪ್ರತ್ಯೇಕ ಕೆಲಸ. ಕಣ್ಣಿನಿಂದ ಆಗುವುದಿಲ್ಲ. 'ಇದ್ದಲ್ಲೇ', 'ಕನ್ವರ್ಟರ್' ದಾರಿಗಳಲ್ಲಿ ಎರಡೂ ಪುಟಗಳನ್ನು ಚಿತ್ರ ಮಾಡಿ ಒಂದರ ಮೇಲೊಂದು ಇಟ್ಟು ನೋಡಬಹುದು. ಹೊಸದಾಗಿ ವಿನ್ಯಾಸ ಮಾಡಿದ ಮೇಲೆ ಅದಕ್ಕೆ ಅರ್ಥವಿಲ್ಲ. ಆಗ ಮೊತ್ತ, ತಾರೀಕು, ಖಾತೆ ಸಂಖ್ಯೆಗಳನ್ನು ಎರಡರಿಂದಲೂ ತೆಗೆದು ತಾಳೆ ನೋಡಬೇಕು. ಈ ಕೆಲಸಕ್ಕೆ ಯೋಜನೆಯಲ್ಲಿ ಯಾರೂ ಸಾಕಷ್ಟು ಸಮಯ ಇಡುವುದಿಲ್ಲ.

ನಾನಾದರೆ ಯಾವುದು

ಬಜೆಟ್ ಮತ್ತು ಸಮಯ ಎರಡೂ ಇಲ್ಲದಿದ್ದರೆ 'ಇದ್ದಲ್ಲೇ' ಹಾಕಿಸಿ ಉಸಿರಾಡಲು ಜಾಗ ಮಾಡಿಕೊಳ್ಳುತ್ತೇನೆ. 'ಕನ್ವರ್ಟರ್' ಅನ್ನು ಹಳೆಯ ಆರ್ಕೈವ್ ತೆರೆಯಲು ಮಾತ್ರ ಇಟ್ಟುಕೊಳ್ಳುತ್ತೇನೆ. ಹೊಸ ದಾಖಲೆಗಳಿಗೆ ಅದನ್ನು ಕಾಯಂ ಮಾಡುವುದಿಲ್ಲ.

ಸೂಟೋ ಸ್ವಂತದ್ದೋ ಎಂಬ ಪ್ರಶ್ನೆ ಆಮೇಲಿನದು. ಅದಕ್ಕಿಂತ ಮೊದಲು ಕೋಬಾಲ್‌ನಿಂದ ಪುಟ ಕಟ್ಟುವ ಕೆಲಸ ಕಿತ್ತು, ಡೇಟಾ ಮಾತ್ರ ಹೊರಬರುವಂತೆ ಮಾಡಿಸುತ್ತೇನೆ. ಅದು ಆದ ಮೇಲೆ ಯಾವ ಸಾಧನ ತಂದರೂ ಬಿಟ್ಟರೂ ಮೇನ್‌ಫ್ರೇಮ್ ಕಡೆ ಏನೂ ಕದಲುವುದಿಲ್ಲ. ಗ್ರಾಹಕರ ಕೈಗೆ ಹೋಗುವ ಪತ್ರಗಳು ತುಂಬಾ ಇದ್ದು ತಿಂಗಳು ತಿಂಗಳೂ ಮಾತು ಬದಲಾಗುವುದಾದರೆ ಸೂಟ್. ದಾಖಲೆಗಳು ಕಡಿಮೆ, ಬದಲಾವಣೆ ಅಪರೂಪ, ಜಾವಾ ಬಲ್ಲವರು ತಂಡದಲ್ಲಿದ್ದಾರೆ ಎಂದಾದರೆ ಸ್ವಂತದ್ದು. ನಮ್ಮ ಕಡೆ ಸ್ಟೇಟ್‌ಮೆಂಟ್ ಸ್ವಂತದ್ದಕ್ಕೆ ಹೋಯಿತು, ಪತ್ರಗಳು ಸೂಟ್‌ಗೆ ಹೋದವು. ಎರಡೂ ಕಾಗದಕ್ಕೆ ಎಎಫ್‌ಪಿಯಾಗಿಯೇ ಇಳಿಯುತ್ತವೆ.

ಸೂಟ್ ಕೊಳ್ಳುವವರು ಡೆಮೊ ದಿನ ಕೇಳಬೇಕಾದ್ದು ಎರಡು. ನಮ್ಮ ಅತಿ ಕೆಟ್ಟ ಫೈಲ್ ಓಡಿಸಿ, ನಡುವೆ ಪ್ರಿಂಟರ್ ಬಾಗಿಲು ತೆಗೆಯುತ್ತೇವೆ. ಮತ್ತೆ, ನಿಮ್ಮನ್ನು ಬಿಟ್ಟು ಹೋಗುವ ದಿನ ನಮ್ಮ ಟೆಂಪ್ಲೇಟ್‌ಗಳು ಯಾವ ರೂಪದಲ್ಲಿ ಹೊರಗೆ ಬರುತ್ತವೆ, ಈಗಲೇ ಒಂದನ್ನು ತೆಗೆದು ತೋರಿಸಿ.